ಹುಲಿ ನೋಡಲು ಹೋಗಿ ಹುಲ್ಲು ನೋಡಿದ್ದು

ಬಿಳಿಗಿರಿರಂಗನ ಬೆಟ್ಟದ ಕ್ಯಾತೇದೇವರಗುಡಿಯಲ್ಲಿ ಸಫಾರಿ ಜೀಪು ಹತ್ತಿದಾಗ ನನಗೆ ಸಿಕ್ಕಿದ್ದು ಹಿಂದಿನ ಸೀಟು. ಮುಂದೆ ಕೂರಲಿದ್ದ ಬೆಂಗಳೂರಿನ ನಾಲ್ವರು ಹತ್ತುವ ಮೊದಲೇ ಡ್ರೈವರನ್ನು ಕೇಳಿದರು: ‘ಹುಲಿ ಗ್ಯಾರಂಟಿನಾ?’ ಅವರು ಗಾಜಿನ ಮೇಲಿನ ಇಬ್ಬನಿ ಒರೆಸುತ್ತಲೇ ‘ಕಾಡು ಗ್ಯಾರಂಟಿ ಸಾ’ ಅಂದರು.

ಜನವರಿಯ ಬೆಳಗು, ಆರೂವರೆ. ಉಸಿರು ಬಿಟ್ಟರೆ ಬೀಡಿ ಸೇದಿದ ಹಾಗೆ ಹೊಗೆ. ಡ್ರೈವರು ಬೆಟ್ಟದ ಬುಡಕಟ್ಟಾದ ಸೋಲಿಗರು, ಹತ್ತಿರದ ಪೋಡಿನವರು, ಅಂದರೆ ಹಾಡಿಯವರು. ವಯಸ್ಸು ಐವತ್ತರ ಆಚೀಚೆ. ಪ್ರವಾಸಿಗರ ಲೆಕ್ಕದಲ್ಲಿ ಅವರು ಡ್ರೈವರು ಮಾತ್ರ. ಆದರೆ ಮುಂದಿನ ಎರಡು ಗಂಟೆ ಕಾಡನ್ನು ನನಗೆ ಓದಿ ಹೇಳಿದವರು ಅವರೇ.

ನಾನು ಹೋಗಿದ್ದರ ಹಿಂದೆ ಒಂದು ಹೊಟ್ಟೆಕಿಚ್ಚಿನ ಕತೆ ಇದೆ. ಕೆಲಸದ ಮೇಲೆ ಬ್ರೆಜಿಲ್‌ಗೆ ಹೋಗಿದ್ದ ಅಕ್ಕನ ಮಗ ರಜೆಗೆ ಚಂದಕವಾಡಿಗೆ ಬಂದಿದ್ದ. ಜಗುಲಿಯ ಮೇಲೆ ಕೂತು, ಬೇಯಿಸಿದ ಕಡ್ಲೆಕಾಯಿ ಸುಲಿಯುತ್ತ, ತಾನು ಪಂತನಾಲ್ ನೋಡಿಬಂದ ಫೋಟೊಗಳನ್ನು ಫೋನಿನಲ್ಲಿ ತೋರಿಸಿದ. ಪಂತನಾಲ್ ಎಂದರೆ ಬ್ರೆಜಿಲ್, ಬೊಲಿವಿಯಾ, ಪರಾಗ್ವೆಗಳ ನಡುವೆ ಸುಮಾರು ಒಂದೂವರೆ ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡ ಜೌಗು ಹುಲ್ಲುಗಾವಲು. ಮಳೆಗಾಲದಲ್ಲಿ ಕೆರೆ, ಒಣಗಾಲದಲ್ಲಿ ಕಾವಲು. ಪೊಕೊನೆ ಎಂಬ ಊರಿನಿಂದ ಪೋರ್ಟೊ ಜೋಫ್ರೆಯವರೆಗೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ದಾಟುವ ಒಂದು ಮಣ್ಣುರಸ್ತೆ. ಸೇತುವೆ ಕೆಳಗೆ ಸೌದೆ ಪೇರಿಸಿಟ್ಟ ಹಾಗೆ ಮೊಸಳೆಗಳು. ರಸ್ತೆ ಮುಗಿದ ಮೇಲೆ ದೋಣಿ ಹತ್ತಿ ಕುಯಿಯಾಬಾ ನದಿಯಲ್ಲಿ ಜಾಗ್ವಾರ್ ಹುಡುಕುವುದು. ಕುರಿ ಗಾತ್ರದ ಹೆಗ್ಗಣ ಎನ್ನಬಹುದಾದ ಕ್ಯಾಪಿಬಾರಾ, ನೀಲಿ ಗಿಳಿ, ಪೊರಕೆಯಂಥ ಬಾಲದ ಇರುವೆಬಾಕ. ಗೈಡು ಅಲ್ಲಿನ ದನಗಾಹಿಯ ಮಗನಂತೆ.

‘ನಮ್ಮಲ್ಲಿ ಇಂಥದ್ದು ಎಲ್ಲದ ಮಾವ?’ ಅಂದ.

ಎದುರಿಗೆ ಮೂಡಲಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಮಲಗಿತ್ತು. ನಾನು ಅದನ್ನು ತೋರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಹುಟ್ಟಿದಾಗಿನಿಂದ ಆ ಬೆಟ್ಟ ನೋಡುತ್ತಿದ್ದೇನೆ, ರಂಗಪ್ಪನ ತೇರಿಗೆ ಹೋಗಿದ್ದೇನೆ, ಆದರೆ ಅಲ್ಲಿ ಹುಲ್ಲು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಕೈತೋರಿಸಲು ಬಾರದು. ಅವನು ರಜೆ ಮುಗಿಸಿ ಹೋದ. ಪ್ರಶ್ನೆ ಜಗುಲಿಯಲ್ಲೇ ಉಳಿಯಿತು.

ತಮಾಷೆಯೆಂದರೆ, ನಾವು ಸುಲಿಯುತ್ತಿದ್ದ ಕಡ್ಲೆಕಾಯಿಯೇ ಆ ಕಡೆಯದು. ಅದರ ತವರು ಬೊಲಿವಿಯಾದ ದಕ್ಷಿಣ, ಅರ್ಜೆಂಟೀನಾದ ವಾಯವ್ಯ ಭಾಗ. ಅದರ ಕಾಡು ಸೋದರರು ಇಂದಿಗೂ ಪಂತನಾಲಿನ ಮಣ್ಣಿನಲ್ಲಿವೆ. ಸಾರಿನ ಟೊಮೆಟೊ, ಮೆಣಸಿನಕಾಯಿ, ಹೊಲದ ಮುಸುಕಿನ ಜೋಳ, ಗುಂಡ್ಲುಪೇಟೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಜನ ಫೋಟೊ ತೆಗೆಸಿಕೊಳ್ಳುವ ಸೂರ್ಯಕಾಂತಿ, ಚೆಂಡುಹೂವು, ಎಲ್ಲವೂ ಅಮೆರಿಕ ಖಂಡಗಳಿಂದ ಬಂದು ನಮ್ಮೂರಿನ ಪಹಣಿ ಸೇರಿದವು. ಇವೆಲ್ಲ ಕರೆದು ತಂದ ನೆಂಟರು. ಕರೆಯದೆ ಕಾಡು ಹೊಕ್ಕ ಇನ್ನೊಬ್ಬ ನೆಂಟನ ಪರಿಚಯ ನನಗಾದದ್ದು ಜೀಪಿನಲ್ಲಿ.

ಗೇಟು ದಾಟಿ ಕಾಲುಗಂಟೆಯಾಗಿತ್ತು. ಎರಡೂ ಕಡೆ ಎದೆಮಟ್ಟದಿಂದ ಆಳೆತ್ತರದವರೆಗೆ ಒಂದೇ ಗಿಡ. ಕೆಂಪು, ಹಳದಿ, ಗುಲಾಬಿ ಗೊಂಚಲು ಹೂ, ಕೈಗೆ ಪರಚುವ ಎಲೆ, ಕರಿಮಣಿಯಂಥ ಹಣ್ಣು. ಲಂಟಾನ. ಮೇಲೆ ದಿಂಡಿಲು, ಮತ್ತಿ, ಹೊನ್ನೆ ನಿಂತಿವೆ. ಕೆಳಗೆ ನೆಲವೇ ಕಾಣದು. ಒಂದು ಕಡೆ ಜೀಪು ನಿಧಾನವಾಯಿತು. ಪೊದೆಯೊಳಗೆ ಏನೋ ಲಟಲಟ ಮುರಿಯಿತು. ಆನೆಯೋ ಕಾಟಿಯೋ ಗೊತ್ತಾಗಲಿಲ್ಲ. ಹತ್ತು ಮಾರು ದೂರದಲ್ಲಿದ್ದ ಆ ಗಾತ್ರದ ಪ್ರಾಣಿ ಕಣ್ಣಿಗೆ ಬೀಳದೆ ಹೋಯಿತು.

‘ಇಲ್ಲಿ ಮುಂಚ ಬರೀ ಹುಲ್ಲಿತ್ತು ಸಾ’ ಅಂದರು ಡ್ರೈವರು. ‘ನಾ ಐಕ್ಳಾಗಿದ್ದಾಗ ಆ ಮರದ ತಾವು ಕಡವ ನಿಂತಿದ್ರ ಇಲ್ಲಿಗ ಕಾಣದು. ಈಗ ನೋಡಿ, ಇದೇ ತುಂಬ್ಕಂಡದ.’

ಅವರ ಮಾತಿಗೆ ಲೆಕ್ಕವೂ ಇದೆ. ಬಿಳಿಗಿರಿರಂಗನ ಬೆಟ್ಟದ ಕಾಡಿನ ಉದ್ದಗಲಕ್ಕೆ ಗುರುತು ಮಾಡಿದ ತಾಕುಗಳನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದಾಗ ಶೇ. 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ತಾಕುಗಳಿಗೆ ಮತ್ತೆ ಹೋದರೆ ಶೇ. 81. ಹನ್ನೊಂದೇ ವರ್ಷ. ಆ ಹೊತ್ತಿಗೆ ನಮ್ಮೂರಿನಲ್ಲಿ ಒಂದು ತೆಂಗಿನ ಸಸಿ ಕಾಯಿ ಬಿಡಲು ಶುರುಮಾಡಿರುತ್ತದೆ, ಅಷ್ಟೆ.

ಈ ಗಿಡದ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಸಿಲುನಾಡು. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನವರು ಹೂವಿನ ಚೆಂದಕ್ಕೆ ಕೊಂಡೊಯ್ದು, ತಳಿ ಬೆರೆಸಿ, ಗಟ್ಟಿಮುಟ್ಟು ಮಾಡಿದರು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಇಂಗ್ಲಿಷರು ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬೇಲಿಗಾಯಿತು, ಅಲಂಕಾರಕ್ಕಾಯಿತು. ಹಕ್ಕಿಗಳು ಹಣ್ಣು ತಿಂದು ಮಿಕ್ಕ ಕೆಲಸ ಮಾಡಿದವು. 1921ರಲ್ಲಿ ಅದರ ಹಣ್ಣಿಗೆ ಹತ್ತುವ ಒಂದು ನೊಣವನ್ನು, 1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆಯನ್ನು ದೇಶಕ್ಕೆ ತರಿಸಿದರೂ ಲಂಟಾನ ಸೊಪ್ಪು ಹಾಕಲಿಲ್ಲ. ಬಂಡೀಪುರದ ಕಡೆ ಈಗ ಇದರ ಜತೆಗೆ ಇನ್ನೊಬ್ಬ ಅಮೆರಿಕನ್ ಬಂದು ಕೂತಿದ್ದಾನೆ: ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್. ಅದೂ ಚೆಂದಕ್ಕೇ ನೆಟ್ಟದ್ದು. ಚೆಂದ ನೋಡಿ ಸೊಸೆ ತಂದರು ಎನ್ನುವ ಮಾತು ನಮ್ಮ ಕಡೆ ಸುಮ್ಮನೆ ಹುಟ್ಟಿಲ್ಲ.

ಹಾಗಾದರೆ ಹುಲ್ಲು ಎಷ್ಟು ಉಳಿದಿದೆ? 1980ರ ದಶಕದ ಕೊನೆಯ ಒಂದು ಸಸ್ಯಸಮೀಕ್ಷೆ ಈ ಬೆಟ್ಟಸಾಲನ್ನು ಹೀಗೆ ಹಂಚಿತ್ತು: ಕುರುಚಲು ಶೇ. 28ರಷ್ಟು, ಎಲೆ ಉದುರುವ ಒಣ ಕಾಡು 36, ತೇವದ ಕಾಡು 25, ನಿತ್ಯಹಸಿರು ಆರೂವರೆ. ಎತ್ತರದ ಹುಲ್ಲುಗಾವಲು ಶೇ. 3.4. ಈ ಕೊನೆಯದು ಮಾತ್ರ ಹುಲ್ಲು ಎಂದುಕೊಂಡರೆ ತಪ್ಪಾಗುತ್ತದೆ. ಎಲೆ ಉದುರುವ ಕಾಡಿನ ನೆಲವೆಲ್ಲ ಒಂದು ಕಾಲಕ್ಕೆ ಹುಲ್ಲೇ. ದೂರ ದೂರ ಮರ, ನಡುವೆ ಸೊಂಟದವರೆಗೆ ಹುಲ್ಲು, ಅಲ್ಲಲ್ಲಿ ಗಿಡ್ಡ ಈಚಲು. ಬ್ರೆಜಿಲಿನವರು ತಮ್ಮ ಇಂಥ ನೆಲವನ್ನು ಸೆರ್ರಾಡೊ ಎಂದು ಹೆಸರಿಟ್ಟು ಗುರುತಿಸುತ್ತಾರೆ. ವೆನೆಜುವೆಲಾ, ಕೊಲಂಬಿಯಾದವರು ತಮ್ಮದನ್ನು ಯಾನೋಸ್ ಎನ್ನುತ್ತಾರೆ. ನಾವು ಎಲ್ಲಕ್ಕೂ ಕಾಡು ಎಂದುಬಿಟ್ಟೆವು. ಕಾಡು ಎಂದ ಮೇಲೆ ಮರ ಎಣಿಸಿದೆವು, ಹುಲ್ಲು ಎಣಿಸಲಿಲ್ಲ.

ಕನ್ನಡಕ್ಕೆ ಮಾತಿಲ್ಲದೆ ಅಲ್ಲ. ಕಾವಲು, ಗೋಮಾಳ, ಹುಲ್ಲುಬನ್ನಿ, ಹಡ್ಲು: ಒಂದೊಂದೂ ಒಂದೊಂದು ಬಗೆಯ ಹುಲ್ಲುನೆಲ. ನಾಗರಹೊಳೆ, ಬಂಡೀಪುರದ ತಗ್ಗಿನ ಹಡ್ಲುಗಳಲ್ಲಿ ಬೇಸಿಗೆಯಲ್ಲೂ ಪಸೆ ಇರುವುದರಿಂದ ಆನೆ, ಜಿಂಕೆ ಅಲ್ಲೇ ಸೇರುತ್ತವೆ. ಕಾವಲು ಎಂಬ ಪದದಲ್ಲೇ ಕಾಯುವ ಕೆಲಸ ಅಡಗಿದೆ. ಮೈಸೂರು ಅರಸರು ಅಮೃತಮಹಲ್ ದನಗಳಿಗಾಗಿ ಹುಲ್ಲನ್ನು ಕಾಯಿಸುತ್ತಿದ್ದರು. ಆಮೇಲಿನ ಕಂದಾಯದ ಕಡತದಲ್ಲಿ ಬೆಳೆ ಇಲ್ಲದ ನೆಲ ಖರಾಬು. ಮರ ಇಲ್ಲದ ನೆಲ ಬಂಜರು. ಎರಡೂ ಬೈಗುಳದಂತೆ ಕೇಳುತ್ತವೆ.

ನಮ್ಮ ಈ ಬಯಲಿನ ಹಳೆಯ ರೂಪವನ್ನು ಬರೆದಿಟ್ಟವನು ಜಿ. ಪಿ. ಸ್ಯಾಂಡರ್ಸನ್. ಮೈಸೂರು ಸರ್ಕಾರದಲ್ಲಿ ನಾಲೆಗಳ ಉಸ್ತುವಾರಿಗೆಂದು ಬಂದವನು ಬೆಟ್ಟದ ಬುಡದಲ್ಲಿ ಮೊರ್ಲೆ ಎಂದು ತಾನು ಬರೆದ ಹಳ್ಳಿಯಲ್ಲಿ ಬಂಗಲೆ ಕಟ್ಟಿಕೊಂಡು ಕೂತ. 1874ರಲ್ಲಿ ಹೊನ್ನುಹೊಳೆಯ ದಡದಲ್ಲಿ ಕಾಡಾನೆ ಹಿಂಡನ್ನು ಖೆಡ್ಡಾಕ್ಕೆ ಅಟ್ಟಿ ಹಿಡಿಸಿದ. ಹೊನ್ನುಹೊಳೆ ಎಂದರೆ ನಮ್ಮ ಸುವರ್ಣಾವತಿಯೇ. 1878ರಲ್ಲಿ ಅವನ ಪುಸ್ತಕ ಬಂತು. ಅವನು ಬಂದೂಕಿನ ಮನುಷ್ಯ, ಅವನ ಕಣ್ಣು ದಂತದ ಮೇಲೆ, ಕೊಂಬಿನ ಮೇಲೆ. ಆದರೂ ಅವನ ಆನೆಗಳು, ಕಾಟಿಗಳು ಬಯಲಲ್ಲಿ ಕಾಣುವ ಪ್ರಾಣಿಗಳು ಎಂಬುದನ್ನು ಗಮನಿಸಿ. ಹುಲ್ಲಿನಲ್ಲಿ ನಿಂತಿವೆ, ಮೇಯುತ್ತಿವೆ, ಕಾಲ್ನಡಿಗೆಯಲ್ಲಿ ಹತ್ತಿರ ಹೋಗಬಹುದು. ನಾನು ಕೂತಿದ್ದ ಜೀಪಿನ ಎರಡೂ ಬದಿ ಗೋಡೆ.

ಗೋಡೆ ಎದ್ದದ್ದು ಹೇಗೆ? ಡ್ರೈವರು ಒಂದೇ ಮಾತಿನಲ್ಲಿ ಹೇಳಿದರು: ‘ಬೆಂಕಿ ನಿಂತೋಯ್ತಲ್ಲ ಸಾ.’

ಸೋಲಿಗರು ಅದನ್ನು ತರಗು ಬೆಂಕಿ ಎನ್ನುತ್ತಾರೆ. ಚಳಿ ಇನ್ನೂ ಇರುವಾಗ, ಹುಲ್ಲು ಅರ್ಧ ಒಣಗಿ ಬುಡ ಹಸಿಯಾಗಿರುವಾಗ, ಉದುರಿದ ಎಲೆಗೆ ಮಡಗುವ ಕಿಚ್ಚು. ‘ನಮ್ಮಪ್ಪನ ಕಾಲದಲ್ಲಿ ಸಂಕ್ರಾಂತಿ ಆಚೀಚಲಿ ಮಡಗವ್ರು. ಮೊಣಕಾಲುದ್ದ ಕೂಡ ಏಳ್ನಿಲ್ಲ ಬೆಂಕಿ. ನಡ್ಕಂಡು ದಾಟಬೈದು. ಇಬ್ಬನಿ ಬಿದ್ರ ತಾನೇ ಆರೋಗದು. ಉಣ್ಣ ಸಾಯವು, ದಾರಿ ಕಾಣದು, ಮಳ ಬಿದ್ಮೇಲ ಎಳ ಹುಲ್ಲು ಬರದು. ಈಗ ಕಡ್ಡಿ ಗೀರುದ್ರ ಕೇಸು.’ ಹುಲ್ಲಿನ ಜೀವ ನೆಲದೊಳಗೆ. ಮೇಲೆ ಸುಟ್ಟರೂ ಅದು ಚಿಗುರುತ್ತದೆ. ಲಂಟಾನದ ಎಳೆ ಸಸಿಗೆ ಆ ಭಾಗ್ಯವಿಲ್ಲ. ಪ್ರತಿವರ್ಷದ ಸಣ್ಣ ಕಿಚ್ಚು ಅದನ್ನು ಸಸಿಯಲ್ಲೇ ಮುಗಿಸುತ್ತಿತ್ತು.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ಬೆಂಕಿಯೂ ನಿಂತಿತು. ಮೊದಲನೆಯದು ನಿಲ್ಲಲೇಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೊನೆಯದನ್ನು ಯಾರೂ ಯೋಚಿಸಿ ನಿಲ್ಲಿಸಿದಂತೆ ಕಾಣುವುದಿಲ್ಲ. ಬೆಂಕಿ ಎಂದರೆ ಕೆಟ್ಟದ್ದು, ಹಾಗಾಗಿ ನಿಂತಿತು. ನೆಲ್ಲಿಮರದ ಮೇಲೆ ಬಂದಳಿಕೆ ಹೆಚ್ಚಿ ಮರಗಳು ಸಾಯತೊಡಗಿದಾಗ ಸೋಲಿಗ ಹಿರಿಯರು ಇದನ್ನೇ ಹೇಳಿದ್ದರು. ಬಂದಳಿಕೆಗೆ ಅವರ ಮಾತು ಉಪ್ಪಿಲು. ಕಿಚ್ಚಿಲ್ಲ, ಅದಕ್ಕೇ ಉಪ್ಪಿಲು ಎಂದರು. ಸಂಶೋಧಕರು ಹಲವು ವರ್ಷ ಕಳೆದು ಅವರ ವಿವರಣೆಯನ್ನು ಗಂಭೀರವಾಗಿ ತೆಗೆದುಕೊಂಡು ಪ್ರಬಂಧ ಬರೆದರು. ಸೋಲಿಗ ಸಮುದಾಯದವರೇ ಆದ ಸಂಶೋಧಕ ಡಾ. ಸಿ. ಮಾದೇಗೌಡರಂಥವರು ತರಗು ಬೆಂಕಿಯ ಪರವಾಗಿ ಬರೆಯುತ್ತ, ಮಾತಾಡುತ್ತ ಬಂದಿದ್ದಾರೆ. 2011ರಲ್ಲಿ ಇಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶವೊಂದರೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು ಕೀಳಬಹುದು, ನೆಲ್ಲಿ ಆಯಬಹುದು. ಕಡ್ಡಿ ಗೀರುವಂತಿಲ್ಲ.

ಇಲ್ಲಿ ಅರಣ್ಯ ಇಲಾಖೆಯ ಭಯವನ್ನೂ ಹೇಳಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ವಲಯಗಳು ಉರಿದದ್ದನ್ನು ಗುಂಡ್ಲುಪೇಟೆಯ ಕಡೆಯವರು ಮರೆತಿಲ್ಲ. ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಕೆಲವೇ ದಿನಗಳಲ್ಲಿ ಕಪ್ಪಾಯಿತು. ಊರೂರಿನಿಂದ ಹುಡುಗರು ಹಸಿಸೊಪ್ಪು ಹಿಡಿದು ಓಡಿದರು. ಒಣಗಿದ ಲಂಟಾನ ಬೆಂಕಿಗೆ ಏಣಿ. ನೆಲದ ಕಿಚ್ಚನ್ನು ಅದು ಮರದ ತಲೆಗೆ ಹತ್ತಿಸುತ್ತದೆ. ಅಂದರೆ ಇವತ್ತು ಈ ಪೊದೆಯ ನಡುವೆ ಹಳೆಯ ತರಗು ಬೆಂಕಿ ಮಡಗಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಡ್ರೈವರಿಗೂ ಅದು ಗೊತ್ತು. ‘ಈಗ ಮಡಗುದ್ರ ನಾವೂ ಬೇಯ್ತಿವಿ ಸಾ. ಮೊದ್ಲು ಇದ ಕಿತ್ತಾಕ್ಬೇಕು, ಆಮೇಲ.’ ಕಿತ್ತು ಹಾಕುವುದಕ್ಕೆ ಕೂಲಿ ಬೇಕು, ಕಿತ್ತ ಮೇಲೆ ಮೂರ್ನಾಲ್ಕು ವರ್ಷ ಮತ್ತೆ ಮತ್ತೆ ಸಸಿ ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುವ ಕೆಲಸ ನಡೆದಿದೆ. ಒಳ್ಳೆಯ ಕೆಲಸ. ಆದರೆ ಕುರ್ಚಿ ಹೆಣೆದು ಮುಗಿಸುವಷ್ಟು ಲಂಟಾನ ಅಲ್ಲ ಇದು.

ಅಕ್ಕನ ಮಗನ ಬ್ರೆಜಿಲ್ ಕೂಡ ಇದೇ ಪಾಠ ಓದಿದೆ. 2020ರಲ್ಲಿ ಪಂತನಾಲಿನ ಕಾಲುಭಾಗಕ್ಕೂ ಹೆಚ್ಚು ನೆಲ ಸುಟ್ಟಿತು, ಜಾಗ್ವಾರ್‌ಗಳ ಪಾದ ಸುಟ್ಟ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸೆರ್ರಾಡೊದಲ್ಲಿ ಶವಾಂತೆ ಮೊದಲಾದ ಬುಡಕಟ್ಟಿನವರು ಹಿಂದಿನಿಂದಲೂ ಹುಲ್ಲಿಗೆ ಕಿಚ್ಚಿಟ್ಟು ಬದುಕಿದವರು. ಸರ್ಕಾರ ದಶಕಗಟ್ಟಲೆ ಅದನ್ನು ನಿಷೇಧಿಸಿತ್ತು. ಬೆಂಕಿ ದೊಡ್ಡದಾಗುತ್ತ ಹೋದಾಗ, 2014ರಿಂದ ಕೆಲವು ಸಂರಕ್ಷಿತ ಪ್ರದೇಶಗಳಲ್ಲಿ ಒಣಗಾಲದ ಮೊದಲಲ್ಲೇ ಸಣ್ಣದಾಗಿ ಸುಡುವ ಪ್ರಯೋಗ ಶುರುವಾಯಿತು, ಬುಡಕಟ್ಟಿನವರನ್ನೇ ದಳಗಳಲ್ಲಿ ಸೇರಿಸಿಕೊಂಡರು. 2024ರ ಜುಲೈಯಲ್ಲಿ ಅದಕ್ಕೆ ರಾಷ್ಟ್ರೀಯ ಕಾನೂನೇ ಬಂತು. ಅವರ ಹುಲ್ಲುಗಾವಲಿಗೂ ಕರೆಯದ ನೆಂಟರ ಕಾಟ ಇದೆ. ದನಕ್ಕೆಂದು ತಂದ ಆಫ್ರಿಕದ ಹುಲ್ಲುಗಳು ಅಲ್ಲಿನ ಹುಲ್ಲನ್ನು ಅಟ್ಟುತ್ತಿವೆ. ಅವರ ಪೊದೆ ನಮಗೆ, ಆಫ್ರಿಕದ ಹುಲ್ಲು ಅವರಿಗೆ.

ಹುಲ್ಲು ಹೋದರೆ ಹೋಗಲಿ, ಯಾರಿಗೇನು ನಷ್ಟ ಎಂದರೆ, ಚಂದಕವಾಡಿ ಹೋಬಳಿಯ ಹೊಲಗಳಲ್ಲಿ ಅಟ್ಟಣೆ ಮೇಲೆ ರಾತ್ರಿ ಕಳೆಯುವವರನ್ನು ಕೇಳಬೇಕು. ಜೋಳ ಹಾಲುಗಟ್ಟಿದರೆ ಆನೆ, ಕಡ್ಲೆಕಾಯಿ ಬಲಿತರೆ ಹಂದಿ. ‘ಕಾಡಲ್ಲಿ ಮೇಯಕ್ಕಿಲ್ಲ, ಅದಕ್ಕ ಬತ್ತವ’ ಎನ್ನುವುದು ನಮ್ಮವರ ತೀರ್ಪು. ಅಷ್ಟೇ ಸರಳ ಎಂದು ನನಗನ್ನಿಸುವುದಿಲ್ಲ. ಬಾಳೆ, ಕಬ್ಬಿನ ರುಚಿ ಹತ್ತಿದ ಆನೆಗೆ ಹುಲ್ಲು ಹೇರಳ ಇದ್ದರೂ ಬರುವ ಚಪಲ ಇರುತ್ತದೆ. ಆದರೂ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕಾದ ಪ್ರಾಣಿ ತಾನು ತಿನ್ನದ ಗಿಡದ ನಡುವೆ ಎಷ್ಟು ಹೊತ್ತು ನಿಂತೀತು?

ಹುಲ್ಲು ಹುಲ್ಲಾಗಿಯೇ ಇರುವುದನ್ನು ಸುಲಭವಾಗಿ ನೋಡಬೇಕೆಂದರೆ ಗುಂಡ್ಲುಪೇಟೆ ಕಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬಹುದು. 1,454 ಮೀಟರ್ ಎತ್ತರ. ಸ್ವಂತ ವಾಹನ ತಪ್ಪಲಲ್ಲೇ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಮೇಲೆ ದೇವಸ್ಥಾನದ ಸುತ್ತ ಬೋಳುಗುಡ್ಡಗಳು, ಮಡಿಕೆಗಳಲ್ಲಿ ಮಾತ್ರ ಗುಂಪು ಮರ. ಗಾಳಿ ಬೀಸಿದರೆ ಇಡೀ ಗುಡ್ಡ ಮಗ್ಗುಲು ಬದಲಿಸಿದಂತೆ ಕಾಣುತ್ತದೆ. ಜನ ದರ್ಶನ ಮುಗಿಸಿ, ಮಂಜಿನಲ್ಲಿ ಒಂದು ಸೆಲ್ಫಿ ತೆಗೆದು, ಆನೆ ಎಲ್ಲಿ ಎಂದು ಕೇಳಿ, ಮುಂದಿನ ಬಸ್ಸು ಹಿಡಿಯುತ್ತಾರೆ. ಕಾಲಡಿಯ ಹುಲ್ಲನ್ನು ಕಿತ್ತು ಉಜ್ಜಿ ಮೂಸಿದರೆ ಅದರಲ್ಲೊಂದು ನಿಂಬೆಯ ವಾಸನೆ ಬಂದೀತು. ಆದರೆ ಅಲ್ಲಿ ಏನನ್ನೂ ಕೀಳಬಾರದು, ಹಾಗಾಗಿ ಇದನ್ನು ಓದಿ ಬಿಡಿ.

ಕ್ಯಾತೇದೇವರಗುಡಿಯ ಜೀಪು ಅಷ್ಟರಲ್ಲಿ ಒಂದು ಏರು ಹತ್ತಿ ತಿರುಗಿತು. ಒಮ್ಮೆಲೇ ಬಯಲಾಯಿತು. ಲಂಟಾನ ಹಿಂದೆ ಉಳಿಯಿತು. ಎದುರಿಗೆ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲಿನ ಇಳಿಜಾರು, ನಡುವೆ ನಾಲ್ಕು ನೆಲ್ಲಿಮರ, ಕೆಳತುದಿಯಲ್ಲಿ ಬಂಡೆ. ಇಳಿಜಾರಿನಲ್ಲಿ ಹನ್ನೊಂದು ಕಾಟಿ. ಮೊಣಕಾಲವರೆಗೆ ಬಿಳಿ ಕಾಲುಚೀಲ ಹಾಕಿಕೊಂಡಂತಿರುವ ಆ ಪ್ರಾಣಿಗಳ ಕಾಲು ಹುಲ್ಲಿನಲ್ಲಿ ಮುಳುಗಿತ್ತು. ಹೆಗಲು ಮಾತ್ರ ತೇಲುತ್ತಿತ್ತು. ಒಂದು ಕರು ತಾಯಿಯ ಹೊಟ್ಟೆಯಡಿಯಿಂದ ನಮ್ಮನ್ನು ನೋಡಿ, ನೋಡಿದ್ದು ಸಾಕೆಂದು ತಿರುಗಿತು. ಮೇಯುವ ಶಬ್ದ ನಮ್ಮವರೆಗೆ ಕೇಳುತ್ತಿತ್ತು: ಯಾರೋ ದೂರದಲ್ಲಿ ಗೋಣಿಚೀಲ ಹರಿಯುತ್ತಿರುವಂತೆ.

ಮುಂದಿನ ಸೀಟಿನವರು ಎರಡು ನಿಮಿಷ ಫೋಟೊ ತೆಗೆದರು. ‘ಹೋಗೋಣ್ವಾ? ಹುಲಿ ಟೈಮ್ ಆಗೋಗುತ್ತೆ’ ಅಂದರು. ಡ್ರೈವರು ಗೇರು ಹಾಕಲಿಲ್ಲ. ಇನ್ನೊಂದು ನಿಮಿಷ ಕೂತೇ ಇದ್ದರು. ಆಮೇಲೆ ಕೈ ಚಾಚಿ ಇಳಿಜಾರಿನ ಕೆಳಗಂಚು ತೋರಿಸಿದರು. ಅಲ್ಲಿ ಹುಲ್ಲಿನೊಳಕ್ಕೆ ಹಸಿರು ಪೊದೆಗಳು ಒಂದು, ಎರಡು, ಐದು ಎಂದು ಮೇಲೇರುತ್ತಿದ್ದವು. ‘ಹೋದ್ವರ್ಸ ಆ ಬಂಡ ತಾವು ಇತ್ತು ಸಾ. ಈಗ ಮರ ದಾಟದ.’

ಇಳಿಯುವಾಗ ಮತ್ತೆ ಗೋಡೆಗಳ ನಡುವೆ ಬಂದೆವು. ಒಂದು ತಿರುವಿನಲ್ಲಿ ಲಂಗೂರ ಕೂಗಿತು, ಕಡವೆ ಒಮ್ಮೆ ಘರ್ಜಿಸಿದಂತೆ ಕರೆಯಿತು. ಜೀಪು ನಿಂತಿತು. ಮುಂದಿನ ನಾಲ್ವರೂ ಉದ್ದ ಲೆನ್ಸುಗಳನ್ನು ಎಡಗಡೆಯ ಪೊದೆಗೆ ಗುರಿಯಿಟ್ಟು ಉಸಿರು ಬಿಗಿಹಿಡಿದರು. ಎಲೆಯೂ ಅಲ್ಲಾಡಲಿಲ್ಲ. ಕಾಯುವ ಹೊತ್ತಿನಲ್ಲಿ ನಾನು ಮುಂದಕ್ಕೆ ಬಾಗಿ, ಈ ಗಿಡ ನನ್ನ ಅಕ್ಕನ ಮಗ ಹೋಗಿದ್ದ ದೇಶದ ಕಡೆಯದು ಎಂದು ಡ್ರೈವರಿಗೆ ಪಿಸುಗುಟ್ಟಿದೆ.

‘ಹೌದಾ? ಅಲ್ಲಿ ಇದಕ್ಕ ಏನಂತ ಕರೀತರ ಸಾ?’

‘ಕಮಾರಾ ಅಂತಾರಂತೆ.’

ಅವರು ಹೆಸರನ್ನು ಬಾಯೊಳಗೆ ಎರಡು ಸಲ ಆಡಿಸಿ ನೋಡಿದರು. ಪೊದೆಗೆ ನೆಟ್ಟ ನಾಲ್ಕು ಲೆನ್ಸುಗಳತ್ತ ಕಣ್ಣು ಹಾಯಿಸಿದರು.

‘ಕ್ಯಾಮರಾನಾ?’ ಅಂದರು.